ಕಿತ್ತಳೆ ಗೆದ್ದ ವರ್ಷ, ಕಿತ್ತಳೆ ಸೋತ ವರ್ಷ

ಬೇರೆಯವರಿಗೆ ಡಿಸೆಂಬರ್ ಅಂದರೆ ರಜೆ, ಚಳಿ, ಶಾಪಿಂಗು. ಟೆಕ್ಸಸ್‌ನಲ್ಲಿ ನಾನಿದ್ದ ಕಾಲದಲ್ಲಿ ಡಿಸೆಂಬರ್ ಮೊದಲ ಶನಿವಾರ ಬಂತು ಅಂದರೆ ನಮ್ಮ ಪೈಕಿ ಯಾರಾದರೊಬ್ಬರು ಎದೆ ಹಿಡಿದುಕೊಂಡು ಕೂತೇ ಕೂರೋರು. ಇದೊಂದು ಸಲ ಆಗಿ ಮುಗಿದಿದ್ದರೆ ಮರೆತುಬಿಡ್ತಿದ್ದೆ. ಮುಗೀಲಿಲ್ಲ. ಆಗ್ತಾನೇ ಇತ್ತು.

ಕಾರಣ ಕಾಲೇಜ್ ಫುಟ್‌ಬಾಲ್. ನಮ್ಮ ಕಡೆಯ ಫುಟ್‌ಬಾಲ್ ಅಲ್ಲ, ಚೆಂಡನ್ನ ಕೈಯಲ್ಲಿ ಹಿಡಿದು ಓಡಿ, ಎಸೆದು, ಎದುರಾಳಿಯ ಗೆರೆ ದಾಟಿಸೋ ಅಮೆರಿಕದ್ದು. ಟೆಕ್ಸಸ್ಸಿನವೂ ಅದರ ಉತ್ತರದ ರಾಜ್ಯಗಳವೂ ಸೇರಿ ಹನ್ನೆರಡು ಯೂನಿವರ್ಸಿಟಿಗಳು ಒಂದು ಕೂಟ ಕಟ್ಟಿಕೊಂಡಿದ್ದವು. ಉತ್ತರದ ಗುಂಪಿನಲ್ಲಿ ಆರು ತಂಡ, ದಕ್ಷಿಣದಲ್ಲಿ ಆರು. ಎರಡೂ ಗುಂಪಿನ ಮೊದಲಿಗರು ಡಿಸೆಂಬರ್‌ನಲ್ಲಿ ಫೈನಲ್ ಆಡಬೇಕು, ಗೆದ್ದವರು ಆ ವರ್ಷದ ಚಾಂಪಿಯನ್. ಇಷ್ಟೇ ವಿಷಯ. ಇಷ್ಟಕ್ಕೆ ಓದಿದವರು, ಮಕ್ಕಳೊಂದಿಗರು, ತಲೆ ನೆಟ್ಟಗಿರೋರು ಅನ್ನ ನೀರು ಬಿಡ್ತಾರೆ ಅಂತ ಮೈಸೂರಿನಲ್ಲಿ ಯಾರಾದರೂ ನನಗೆ ಹೇಳಿದ್ದರೆ ನಂಬುತ್ತಿರಲಿಲ್ಲ. ಯೂನಿವರ್ಸಿಟಿಗಳ ಹೆಸರು ಎತ್ತಿದರೆ ಇವತ್ತಿಗೂ ನೆಂಟಸ್ತಿಕೆ ಕೆಡುತ್ತೆ. ಅದಕ್ಕೇ ಜೆರ್ಸಿಯ ಬಣ್ಣದಲ್ಲೇ ಹೇಳ್ತೀನಿ. ಆಸ್ಟಿನ್‌ನಲ್ಲಿ ನಾನು ಓದಿದ್ದು ಕಿತ್ತಳೆ.

ಗೈಡ್ ತಬ್ಬಿಕೊಂಡಿದ್ದು

ನನ್ನ ಗೈಡ್ ಸ್ಟ್ಯಾಟಿಸ್ಟಿಕ್ಸ್ ಪ್ರೊಫೆಸರ್. ಬೇಸಿಗೆಯಲ್ಲೂ ಟೈ ಕಟ್ಟೋ ಮನುಷ್ಯ. ದನಿ ಏರಿಸಿದ್ದನ್ನ ಯಾರೂ ಕೇಳಿದ್ದಿಲ್ಲ. ನನ್ನ ಲೆಕ್ಕ ತಪ್ಪಾದರೆ "ತಪ್ಪು" ಅಂತಲೂ ಅನ್ನುತ್ತಿರಲಿಲ್ಲ. ಕನ್ನಡಕ ತೆಗೆದು ಒರೆಸೋರು. ಅವರು ಕನ್ನಡಕಕ್ಕೆ ಕೈ ಹಾಕಿದರೆ ಸಾಕು, ನಾನು ಎರೇಸರ್ ಹುಡುಕೋಕೆ ಶುರು ಮಾಡ್ತಿದ್ದೆ.

ಆ ಕೂಟ ಶುರುವಾದ ಮೊದಲ ವರ್ಷ. ಫೈನಲ್ ದಿನ ಪರದೇಶದ ವಿದ್ಯಾರ್ಥಿಗಳನ್ನೆಲ್ಲ ಮನೆಗೆ ಊಟಕ್ಕೆ ಕರೆದಿದ್ದರು. ಕಿತ್ತಳೆಯೂ ಫೈನಲ್‌ಗೆ ಬಂದಿತ್ತು, ಆದರೆ ಎದುರಿಗಿದ್ದದ್ದು ಉತ್ತರದ ಕೆಂಪು ತಂಡ. ಅವರನ್ನ ಮುಟ್ಟೋರೇ ಇಲ್ಲ ಅಂತ ಪೇಪರಿನವರೆಲ್ಲ ಬರೆದಿದ್ದರು. ಪ್ರೊಫೆಸರ್ ಕೂಡ, "ಸಂಭವನೀಯತೆ ತುಂಬಾ ಕಡಿಮೆ" ಅಂತ ಹೇಳಿ ನನ್ನ ತಟ್ಟೆಗೆ ಆಲೂಗಡ್ಡೆ ಸಲಾಡ್ ಬಡಿಸಿದರು. ಸಸ್ಯಾಹಾರಿ ಅಂತ ನನಗೆ ಅದೊಂದೇ ಇದ್ದದ್ದು, ಗುಡ್ಡದಷ್ಟು.

ಆಟ ಮುಗಿಯೋಕೆ ಬಂದಿದೆ, ಕಿತ್ತಳೆಯವರು ಚೂರು ಮುಂದಿದ್ದಾರೆ. ಚೆಂಡು ತಮ್ಮ ಕೈಯಲ್ಲೇ ಉಳೀಬೇಕಾದರೆ ಇನ್ನೊಂದು ಗೇಣು ಮುಂದೆ ಹೋಗಬೇಕು, ಇರೋದು ಕೊನೇ ಅವಕಾಶ. ಇಂಥ ಹೊತ್ತಲ್ಲಿ ಬುದ್ಧಿ ಇದ್ದವರು ಚೆಂಡನ್ನ ದೂರ ಒದ್ದು ಪ್ರಾಣ ಉಳಿಸಿಕೊಳ್ತಾರೆ ಅಂತ ಪ್ರೊಫೆಸರ್ ನಮಗೆ ಪಾಠದ ಥರ ವಿವರಿಸುತ್ತಿದ್ದರು. ಅವರ ವಾಕ್ಯ ಮುಗಿಯೋಕೆ ಮುಂಚೆ ಕಿತ್ತಳೆ ಹುಡುಗ ಓಡೋ ಹಾಗೆ ನಾಟಕ ಮಾಡಿ, ನಿಂತು, ಚೆಂಡನ್ನ ಎಸೆದೇಬಿಟ್ಟ. ಅಲ್ಲಿ ಇನ್ನೊಬ್ಬ ಒಂಟಿಯಾಗಿ ನಿಂತಿದ್ದ. ಹಿಡಿದ. ಓಡಿದ.

ಮುಂದೆ ಏನಾಯ್ತು ಅಂತ ನನಗೆ ಸರಿಯಾಗಿ ಗೊತ್ತಿಲ್ಲ, ಯಾಕೆಂದರೆ ನನ್ನ ಮುಖ ಪ್ರೊಫೆಸರ್ ಟೈನಲ್ಲಿ ಹೂತುಹೋಗಿತ್ತು. ಸೋಫಾ ಹತ್ತಿ ಹಾರಿ ನನ್ನನ್ನ ತಬ್ಬಿಕೊಂಡುಬಿಟ್ಟಿದ್ದರು. ನಮ್ಮಿಬ್ಬರ ಮಧ್ಯೆ ತಟ್ಟೆ, ತಟ್ಟೆಯಲ್ಲಿ ಗುಡ್ಡ. ನಮ್ಮ ಮನೆಯಲ್ಲಿ ಅಪ್ಪನೂ ನನ್ನನ್ನ ಹಾಗೆ ತಬ್ಬಿದವರಲ್ಲ. ನಾನು ಕಂಬದ ಥರ ನಿಂತಿದ್ದೆ.

ಅವರ ಹೆಂಡತಿ ಟವೆಲ್ ತಂದು ನನ್ನ ಸ್ವೆಟರ್ ಒರೆಸಿದರು. "ಬೇಜಾರು ಮಾಡ್ಕೋಬೇಡ ಮಗು. ನಮ್ಮ ದೊಡ್ಡ ಮಗ ಹುಟ್ಟಿದ ದಿನ ಇವರು ಡಾಕ್ಟರ್ ಕೈ ಕುಲುಕಿ ಕ್ಲಾಸಿಗೆ ಹೋದರು," ಅಂದರು.

ನಿಶ್ಚಿತಾರ್ಥ

ನನ್ನ ಕ್ಲಾಸಿನ ಹುಡುಗನೊಬ್ಬ, ಬೆಂಗಳೂರಿನವನು, ನನ್ನ ಗೆಳತಿಯೊಬ್ಬಳನ್ನ ಮೆಚ್ಚಿದ. ಅವಳು ತುಮಕೂರಿನವಳು. ಎರಡೂ ಮನೆಯವರಿಗೆ ಒಪ್ಪಿಗೆ. ಜಾತಕ ಕೂಡಿತು, ಭಾಷೆ ಒಂದೇ, ಜಾತಿ ಒಂದೇ. ಒಂದೇ ಒಂದು ತೊಡಕು: ಅವನು ಕಿತ್ತಳೆ, ಅವಳು ಓದಿದ್ದು ಮರೂನ್ ಬಣ್ಣದ ಯೂನಿವರ್ಸಿಟಿಯಲ್ಲಿ. ಇವೆರಡರ ಜಗಳ ಅಲ್ಲಿ ನೂರಾರು ವರ್ಷದ ದಾಯಾದಿ ಮತ್ಸರದ ಹಾಗೆ. ಬೆಂಗಳೂರಿನಿಂದ ಬಂದ ಹುಡುಗನ ತಾಯಿಗೆ ಇದು ಗೊತ್ತಿರಲಿಲ್ಲ. ಹೇಳಿದ್ದರೂ ತಿಳೀತಿರಲಿಲ್ಲ.

ಹ್ಯೂಸ್ಟನ್‌ನಲ್ಲಿ ಹುಡುಗಿಯ ಸೋದರಮಾವ ಇದ್ದರು. ಅಲ್ಲಿಯ ದೇವಸ್ಥಾನದ ಹಾಲಿನಲ್ಲಿ ನಿಶ್ಚಿತಾರ್ಥ ಅಂತ ಆಯ್ತು. ಪುರೋಹಿತರು ಮುಹೂರ್ತ ಇಟ್ಟುಕೊಟ್ಟರು. ಮಧ್ಯಾಹ್ನ, ಡಿಸೆಂಬರ್ ಮೊದಲ ಶನಿವಾರ. ಆ ವರ್ಷ ಫೈನಲ್‌ನಲ್ಲಿ ಇದ್ದದ್ದು ಮರೂನ್! ಹುಡುಗಿ ಮಾವನ ಹತ್ತಿರ ಗೋಗರೆದಳು. "ಬೇರೆ ದಿನ ಕೇಳಿ ಮಾವ." ಪುರೋಹಿತರು, "ಇದು ಬಿಟ್ಟರೆ ಮಾಘ ಮಾಸವೇ," ಅಂದರು.

ಹುಡುಗ ಮಾತ್ರ ಖುಷಿಯಲ್ಲಿದ್ದ. ಎದುರಾಳಿ ನೇರಳೆ ತಂಡ ವರ್ಷವಿಡೀ ಒಂದು ಆಟವೂ ಸೋತಿರಲಿಲ್ಲ. "ಇವಳ ಕಡೆಯವರು ಸೋಲೋದು ಗ್ಯಾರಂಟಿ. ತಲೆ ತಗ್ಗಿಸಿ ಕೂತಿರ್ತಾಳೆ, ಫೋಟೋದಲ್ಲಿ ನಾಚಿಕೆ ಅಂತ ಕಾಣುತ್ತೆ," ಅಂತ ನನ್ನ ಕಿವಿಯಲ್ಲಿ ಅಂದ.

ಪಕ್ಕದ ಊಟದ ಕೋಣೆಯಲ್ಲಿ ಟಿವಿ ಇತ್ತು. ಗಂಡಸರೆಲ್ಲ ಎಲೆ ಹಾಕುವ ನೆಪದಲ್ಲಿ ಅಲ್ಲೇ. ಸೋದರಮಾವ ಮಾತ್ರ ಆಗಾಗ ಬಂದು ಹುಡುಗಿಯ ಹಿಂದೆ ಬಗ್ಗಿ ಏನೋ ಪಿಸುಗುಟ್ಟಿ ಹೋಗೋರು. ಮೊದಮೊದಲು ಅವಳ ಮುಖ ಬಾಡುತ್ತಾ ಹೋಯ್ತು. ಹುಡುಗನ ತಾಯಿ, "ಎಷ್ಟು ವಿನಯ ನೋಡು," ಅಂದರು. ಆಮೇಲೆ ಯಾಕೋ ಅವಳ ಮುಖ ಅರಳೋಕೆ ಶುರುವಾಯ್ತು. ಹುಡುಗನ ಮುಖ ಬಾಡೋಕೆ ಶುರುವಾಯ್ತು. ಆಟ ಸಮ ಆಗಿ ಓವರ್‌ಟೈಮ್‌ಗೆ ಹೋಗಿತ್ತು. ಅದೂ ಸಮ ಆಗಿ ಎರಡನೇ ಓವರ್‌ಟೈಮು.

ಹುಡುಗ ಉಂಗುರ ಹಿಡಿದು ಅವಳ ಬೆರಳಿನ ಹತ್ತಿರ ತಂದಿದ್ದಾನೆ, ಆ ಕೋಣೆಯಿಂದ ಸೂರು ಹಾರೋ ಹಾಗೆ ಕೂಗು ಬಂತು. ಹುಡುಗಿ ರೇಷ್ಮೆ ಸೀರೆ, ಮೊಗ್ಗಿನ ಜಡೆ ಸಮೇತ ಮಣೆ ಬಿಟ್ಟು ಒಂದು ಮೊಳ ಮೇಲೆ ಹಾರಿದಳು. ಎರಡೂ ಕೈ ಮೇಲೆತ್ತಿ ಆ ಯೂನಿವರ್ಸಿಟಿಯವರು ಕೂಗೋ ಕೂಗು, "ವ್ಹೂಪ್!" ಅಂತ ಕೂಗಿದಳು. ಉಂಗುರ ಎಗರಿ ಎಲ್ಲಿಗೋ ಉರುಳಿತು.

ಹುಡುಗನ ತಾಯಿ ಬೆಳ್ಳಗಾಗಿಬಿಟ್ಟಿದ್ದರು. ನನ್ನ ಮೊಣಕೈ ಗಟ್ಟಿಯಾಗಿ ಹಿಡಿದು, "ನಿಜ ಹೇಳಮ್ಮ. ಈ ಹುಡುಗಿಗೆ ಮೈಮೇಲೆ ಏನಾದರೂ ಬರುತ್ತಾ?" ಅಂದರು.

"ಇಲ್ಲ ಆಂಟಿ, ಅವರ ಕಾಲೇಜು ಗೆದ್ದಿತು ಅಷ್ಟೆ."

"ಗೆದ್ದರೆ ಹೀಗಾ? ಇನ್ನು ಮದುವೆಗೆ..." ಅಂತ ಅವರು ಎದ್ದೇ ನಿಂತರು. ಹುಡುಗಿಯ ತಂದೆ ಕೈ ಮುಗಿಯೋಕೆ ಮುಂದೆ ಬಂದರು. ಸಂಬಂಧ ಮುರಿದೇ ಹೋಯ್ತು ಅಂದುಕೊಂಡೆ. ಎಲ್ಲರೂ ಪುರೋಹಿತರ ಮುಖ ನೋಡಿದರು, ಅವರೇ ಏನಾದರೂ ದೋಷ ಪರಿಹಾರ ಹೇಳ್ತಾರೆ ಅಂತ.

ಅವರು ಮಣೆಯ ಕೆಳಗಿಂದ ಉಂಗುರ ಹೆಕ್ಕಿಕೊಟ್ಟು, ಸೋದರಮಾವನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಓಡಿ ಗೆದ್ದದ್ದೋ, ಎಸೆದು ಗೆದ್ದದ್ದೋ?"

ಹುಡುಗನ ತಾಯಿಗೆ ನಗು ತಡೆಯೋಕೆ ಆಗಲಿಲ್ಲ. ಮದುವೆ ಆಯ್ತು.

ಕೇಕು

ಓದು ಮುಗಿದು ಡಾಲಸ್‌ನಲ್ಲಿ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ನಮ್ಮ ಬಾಸ್ ಹುಟ್ಟಾ ಕಿತ್ತಳೆ. ಅವರ ಕಾಫಿ ಮಗ್ಗು ಕಿತ್ತಳೆ, ಪೆನ್ನು ಕಿತ್ತಳೆ, ಸಿಟ್ಟು ಬಂದರೆ ಮುಖವೂ ಅದೇ ಬಣ್ಣ. ಆ ವರ್ಷ ಫೈನಲ್ ನಮ್ಮ ಡಾಲಸ್ ಪಕ್ಕದಲ್ಲೇ. ಎದುರಾಳಿ ಬೆಟ್ಟದ ಸೀಮೆಯ ಕಪ್ಪು-ಚಿನ್ನದ ತಂಡ. ಅದೇ ತಂಡವನ್ನ ಎರಡು ತಿಂಗಳ ಹಿಂದೆ ಕಿತ್ತಳೆಯವರು ಬಟ್ಟೆ ಒಗೆದ ಹಾಗೆ ಒಗೆದಿದ್ದರು. ಬಾಸ್‌ಗೆ ಅನುಮಾನವೇ ಇಲ್ಲ. ಸೋಮವಾರ ಮಧ್ಯಾಹ್ನಕ್ಕೆ ಬಾಗಿಲಿನಗಲದ ಕೇಕ್ ಆರ್ಡರ್ ಮಾಡಿ, ಅದರ ಮೇಲೆ "ನಾವೇ ಚಾಂಪಿಯನ್ಸ್" ಅಂತ ಬರೆಸಲು ಹೇಳಿದ್ದರು.

ಶನಿವಾರ ಕಿತ್ತಳೆ ಸೋತಿತು. ಒಂದು ಕೂದಲೆಳೆಯಲ್ಲಿ.

ಸೋಮವಾರ ಆಫೀಸು ಸೂತಕದ ಮನೆ. ಬಾಸ್ ಬಂದರು, ಯಾರನ್ನೂ ನೋಡಲಿಲ್ಲ, ರೂಮಿನ ಬಾಗಿಲು ಹಾಕಿಕೊಂಡರು. ದುಃಖದಲ್ಲಿ ಕೇಕ್ ಬೇಡ ಅಂತ ಹೇಳೋದನ್ನ ಎಲ್ಲರೂ ಮರೆತಿದ್ದರು. ಸರಿಯಾಗಿ ಊಟದ ಹೊತ್ತಿಗೆ ಬೇಕರಿಯವನು ತಂದು ನಡುಮೇಜಿನ ಮೇಲೆ ಇಟ್ಟು ಹೋದ. ನಾವೆಲ್ಲ ಹಾವು ನೋಡಿದ ಹಾಗೆ ಅದನ್ನ ನೋಡುತ್ತಾ ನಿಂತೆವು. ಮುಟ್ಟೋಕೆ ಯಾರಿಗೂ ಧೈರ್ಯ ಇಲ್ಲ, ಎತ್ತಿ ಬಿಸಾಡೋಕೂ ಇಲ್ಲ.

ಹಿಂದಿನ ತಿಂಗಳಷ್ಟೇ ಸೇರಿದ್ದ ಹುಬ್ಬಳ್ಳಿಯವರೊಬ್ಬರು ನಮ್ಮ ಟೀಮಿನಲ್ಲಿದ್ದರು. ಫುಟ್‌ಬಾಲ್ ಅಂದರೆ ಏನು ಅಂತ ಗೊತ್ತಿಲ್ಲ. ಆವತ್ತು ಬೆಳಗ್ಗೆಯೇ ಅವರ ಮೊದಲ ಪ್ರೋಗ್ರಾಂ ತಪ್ಪಿಲ್ಲದೆ ಓಡಿತ್ತು. ಅವರು ಕೇಕ್ ನೋಡಿದರು, ಅಕ್ಷರ ಓದಿದರು, ಕಣ್ಣಲ್ಲಿ ನೀರು ತಂದುಕೊಂಡರು. ನಾನು ಏನಾಗ್ತಿದೆ ಅಂತ ತಿಳಿಯೋಕೆ ಮುಂಚೆ ಚಾಕು ತಗೊಂಡು ಕತ್ತರಿಸಿ, ಇಂಗ್ಲಿಷಿನಲ್ಲಿ ಭಾಷಣ ಶುರು ಮಾಡಿಬಿಟ್ಟರು. "ಈ ಗೆಲುವು ನನ್ನೊಬ್ಬನದಲ್ಲ. ಎಲ್ಲರೂ ಸೇರಿ ಗೆದ್ದಿದ್ದೇವೆ. ಬಾಸ್ ಇಲ್ಲದೆ ಇದು ಸಾಧ್ಯವೇ ಇರಲಿಲ್ಲ!"

ಬಾಗಿಲು ತೆರೆಯಿತು. ಬಾಸ್. ಮುಖದ ಬಣ್ಣ ನಾನು ಹೇಳಬೇಕಿಲ್ಲ. ಹುಬ್ಬಳ್ಳಿಯವರ ಕೆಲಸ ಹೋಯ್ತು ಅಂತಲೇ ನಾನು ಅಂದುಕೊಂಡೆ. ಅವರು ಓಡಿಹೋಗಿ ಮೊದಲ ತುಂಡನ್ನ ಬಾಸ್ ಬಾಯಿಗೇ ಇಟ್ಟರು, ನಮ್ಮ ಕಡೆ ಹುಟ್ಟುಹಬ್ಬಕ್ಕೆ ಇಡ್ತಾರಲ್ಲ, ಹಾಗೆ. ಬಾಸ್ ಅಗಿದರು. ಬಹಳ ಹೊತ್ತು ಅಗಿದರು. ಕಣ್ಣಿಂದ ಒಂದು ಹನಿ ಇಳಿಯಿತು. "ಇರಲಿ, ಈ ಕಟ್ಟಡದಲ್ಲಿ ಒಬ್ಬನಾದರೂ ಏನೋ ಗೆದ್ದಿದ್ದಾನಲ್ಲ," ಅಂದು ಒಳಗೆ ಹೋದರು.

ಹುಬ್ಬಳ್ಳಿಯವರು ನನ್ನ ಹತ್ತಿರ ಬಂದು ಕನ್ನಡದಲ್ಲಿ ಹೇಳಿದರು: "ಏನ್ ಮಂದೀರಿ ಮೇಡಂ ಇವ್ರು! ಇಷ್ಟ ಸಣ್ಣ ಪ್ರೋಗ್ರಾಮಿಗೆ ಆಫೀಸಿಗೆ ಆಫೀಸೇ ಆನಂದಬಾಷ್ಪ ಸುರಸಾಕತ್ತೈತಲ್ರಿ!"

ನಿಜ ಹೇಳೋಕೆ ನನಗೆ ಮನಸ್ಸು ಬರಲಿಲ್ಲ. ಎರಡು ವರ್ಷ ಆದಮೇಲೆ ಹೇಳಿದೆ. ಅಷ್ಟೊತ್ತಿಗೆ ಅವರನ್ನ ಮದುವೆ ಆಗಿದ್ದೆ.

ಅಮ್ಮನ ಕರುಣೆ

ಮದುವೆ ಆದ ಮೇಲೆ ಆದ ದೊಡ್ಡ ಅನಾಹುತ ಅಂದರೆ, ಏನೂ ಗೊತ್ತಿಲ್ಲದಿದ್ದ ನನ್ನ ಗಂಡನಿಗೆ ಕಿತ್ತಳೆ ಹುಚ್ಚು ಹತ್ತಿದ್ದು. ಓದಿದವಳು ನಾನು, ಹುಚ್ಚು ಅವರಿಗೆ! ಕೆಲಸದ ಮೇಲೆ ಹ್ಯೂಸ್ಟನ್‌ಗೆ ಶಿಫ್ಟ್ ಆಗಿ ಸೈಪ್ರೆಸ್‌ನಲ್ಲಿ ಮನೆ ಮಾಡಿದ್ದೆವು. ಆ ವರ್ಷ ಫೈನಲ್ ಹ್ಯೂಸ್ಟನ್‌ನಲ್ಲೇ ಬಿತ್ತು. ಎದುರಾಳಿ ಅದೇ ಕಪ್ಪು-ಚಿನ್ನ. ನಮ್ಮಲ್ಲಿ ಟಿಕೆಟ್ ಮೂರಿತ್ತು. ಮೈಸೂರಿನಿಂದ ಬಂದಿದ್ದ ಅಮ್ಮನನ್ನೂ ಕರೆದುಕೊಂಡು ಹೋದೆವು.

ಅಮ್ಮ ಮೊದಮೊದಲು ಚೆನ್ನಾಗೇ ಚಪ್ಪಾಳೆ ತಟ್ಟಿದರು. ಕಿತ್ತಳೆಯವರು ಒಂದು ಸಲ ಗೆರೆ ದಾಟಿದರು, ಎರಡು ಸಲ ದಾಟಿದರು. ಆಮೇಲೆ ದಾಟ್ತಾನೇ ಇದ್ದರು. ಅಮ್ಮನ ಚಪ್ಪಾಳೆ ನಿಂತಿತು.

"ಪಾಪ ಕಣ್ರಪ್ಪಾ, ಆ ಮಕ್ಕಳನ್ನ ಬಿಟ್ಟುಬಿಡೋಕೆ ಹೇಳ್ರಪ್ಪಾ."

"ಅತ್ತೀ, ನೀವು ಆ ಕಡಿ ನೋಡಬ್ಯಾಡ್ರಿ. ನಮ್ಮವರನ್ನ ನೋಡ್ರಿ," ಅಂದರು ನನ್ನ ಗಂಡ.

"ಹೊಡೆಯೋರನ್ನ ಏನು ನೋಡೋದು? ಅಂಪೈರ್ ಇಲ್ವಾ? ದೊಡ್ಡೋರು ಯಾರೂ ಇಲ್ವಾ ಇಲ್ಲಿ?"

ಕೊನೆಗೆ ಬೋರ್ಡಿನಲ್ಲಿ ಇವರದು ಎಪ್ಪತ್ತು, ಅವರದು ಮೂರು. ನಾನೇ ಗಾಬರಿಯಾಗಿದ್ದೆ. ಅಮ್ಮನ ಪಕ್ಕದ ಸೀಟಿನಲ್ಲಿ ಕಪ್ಪು-ಚಿನ್ನದ ಜೆರ್ಸಿ ಹಾಕಿ, ಮುಖಕ್ಕೆ ಬಣ್ಣ ಬಳಿದುಕೊಂಡ ಆನೆಯಂಥ ಮನುಷ್ಯನೊಬ್ಬ ಕೂತಿದ್ದ. ತಲೆ ಮೇಲೆ ಕೈ ಹೊತ್ತು ನೆಲ ನೋಡುತ್ತಿದ್ದ. ನಾನು ತಿರುಗಿ ನೋಡೋದರೊಳಗೆ ಅಮ್ಮ ಸೀರೆ ಸೆರಗಿನಲ್ಲಿ ಬಚ್ಚಿಟ್ಟು ತಂದಿದ್ದ ಕೋಡುಬಳೆ ತೆಗೆದು ಅವನ ಕೈಗಿಟ್ಟು, ಬೆನ್ನು ಸವರುತ್ತಾ ಕನ್ನಡದಲ್ಲೇ ಮಾತಾಡುತ್ತಿದ್ದರು. ಅವನಿಗೆ ಒಂದಕ್ಷರ ತಿಳಿಯದಿದ್ದರೂ ಅಷ್ಟು ಹೊತ್ತು ತಡೆದುಕೊಂಡಿದ್ದು ಒಡೆದುಹೋಗಿ, ಅಮ್ಮನ ಭುಜದ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಅಮ್ಮನ ಮೈಸೂರು ಸಿಲ್ಕ್ ಮೇಲೆಲ್ಲ ಚಿನ್ನದ ಬಣ್ಣ.

ಸಮಾಧಾನ ಆದ ಮೇಲೆ ಅವನು ನನ್ನ ಗಂಡನನ್ನ ಕೇಳಿದ. "ನಿಮ್ಮ ತಾಯಿ ಏನು ಹೇಳಿದರು?"

ನನ್ನ ಗಂಡ ಸಂಕೋಚದಿಂದ, "ಮುಂದಿನ ವರ್ಷ ನೀವೇ ಗೆಲ್ತೀರಿ ಅಂದರು," ಅಂತ ಇಂಗ್ಲಿಷಿನಲ್ಲಿ ಅಂದರು.

ಅಮ್ಮನಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. "ನಾನೆಲ್ಲಿ ಹಾಗಂದೆ? ಈ ಆಟ ನಿಮ್ಮ ಕೈಲಿ ಆಗೋದಲ್ಲ, ಬಿಟ್ಟು ಬೇರೆ ಏನಾದರೂ ಕಲೀರಿ ಅಂದೆ," ಅಂದರು.

ಅಪ್ಪನ ತೀರ್ಪು

ಅಪ್ಪ ನಿವೃತ್ತ ನ್ಯಾಯಾಧೀಶರು. ಆ ಸಲ ಆಟಕ್ಕೆ ಬಂದಿರಲಿಲ್ಲ. ಅವರು ಬಲೆಗೆ ಬಿದ್ದದ್ದು ಮೂರು ವರ್ಷ ಆದಮೇಲೆ, ನಾವು ಡಾಲಸ್ ಹತ್ತಿರದ ಕಾಪೆಲ್‌ನಲ್ಲಿ ಮನೆ ತಗೊಂಡ ಮೇಲೆ, ಅಮ್ಮನ ಜೊತೆ ಅಲ್ಲಿಗೆ ಬಂದಾಗ.

ಆ ವರ್ಷ ದಕ್ಷಿಣದ ಗುಂಪಿನಲ್ಲಿ ಮೂರು ತಂಡ ಸಮ ಆಗಿಬಿಟ್ಟವು. ಕಿತ್ತಳೆ ರಕ್ತಗೆಂಪನ್ನ ಸೋಲಿಸಿತ್ತು. ಕಿತ್ತಳೆಯನ್ನ ಕೆಂಪು-ಕಪ್ಪು ಸೋಲಿಸಿತ್ತು. ಕೆಂಪು-ಕಪ್ಪನ್ನ ರಕ್ತಗೆಂಪು ಜಜ್ಜಿಹಾಕಿತ್ತು. ಫೈನಲ್‌ಗೆ ಒಬ್ಬರೇ ಹೋಗಬೇಕು. ಕೂಟದವರು ದೇಶದ ರ‍್ಯಾಂಕಿಂಗ್ ನೋಡಿ ರಕ್ತಗೆಂಪನ್ನ ಕಳಿಸಿದರು.

ಪಕ್ಕದ ಮನೆಯ ಟೆಕ್ಸಸ್ ಅಂಕಲ್ ಬೇಲಿಯ ಮೇಲೆ ಒರಗಿ ಅಪ್ಪನ ಹತ್ತಿರ ಗೋಳು ತೋಡಿಕೊಂಡರು. ಅಪ್ಪ ಪೇಪರ್ ಮಡಚಿಟ್ಟರು. ಕೋರ್ಟಿನಲ್ಲಿ ಕೂತ ಹಾಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ನೀವು ಅವರ ಮೇಲೆ ಗೆದ್ದಿದ್ದೀರಿ?"

"ಗೆದ್ದಿದ್ದೇವೆ. ನಮ್ಮ ಡಾಲಸ್‌ನಲ್ಲೇ, ಸಾವಿರಾರು ಜನರೆದುರು."

"ಗೆದ್ದ ನೀವು ಮನೆಯಲ್ಲಿ, ಸೋತ ಅವರು ಫೈನಲ್‌ನಲ್ಲಿ?"

"ಹೌದು."

"ತೀರ್ಮಾನ ಮಾಡಿದ್ದು ಯಾರು?"

"ಸ್ವಲ್ಪ ಓಟು, ಸ್ವಲ್ಪ ಕಂಪ್ಯೂಟರು."

ಅಪ್ಪ ನನ್ನ ಕಡೆ ನೋಡಿದರು, ನಾನೇ ಆ ಕಂಪ್ಯೂಟರ್ ಅನ್ನೋ ಹಾಗೆ. "ಅಪೀಲು?"

"ಇಲ್ಲ."

"ಅಪೀಲೇ ಇಲ್ವಾ!" ಅಪ್ಪ ಎದ್ದು ನಿಂತರು. ಅವರಿಗೆ ಅಷ್ಟು ಆಘಾತ ಆದದ್ದನ್ನ ನಾನು ನೋಡೇ ಇರಲಿಲ್ಲ. "ಕೊಲೆ ಮಾಡಿದವನಿಗೂ ಅಪೀಲಿದೆ ಸ್ವಾಮಿ!"

ಸುದ್ದಿ ಹಬ್ಬಿತು. ಒಂದು ವಾರ ಸಂಜೆ ಹೊತ್ತು ನಮ್ಮ ಹಿತ್ತಲಿಗೆ ಜನ ಬಂದರು. ಕೆಂಪು-ಕಪ್ಪಿನವನೊಬ್ಬ ಬಂದ, ರಕ್ತಗೆಂಪಿನವಳೊಬ್ಬಳು ತನ್ನ ಪರ ವಾದ ಮಾಡೋಕೆ ಬಂದಳು. ಅಪ್ಪ ಎಲ್ಲರನ್ನೂ ಕೇಳಿಸಿಕೊಂಡರು, ನಡುವೆ ಬಾಯಿ ಹಾಕಿದವರನ್ನ ಗದರಿದರು. ಅಮ್ಮ ಎಲ್ಲ ಪಕ್ಷದವರಿಗೂ ಸಮನಾಗಿ ಕಾಫಿ ಕೊಟ್ಟರು. ಕೊನೆಗೆ ಪಕ್ಕದ ಮನೆ ಅಂಕಲ್ ತಡೆಯಲಾರದೆ, "ನೀವೇ ಜಡ್ಜ್ ಆಗಿದ್ದಿದ್ದರೆ ಏನು ಮಾಡ್ತಿದ್ದಿರಿ?" ಅಂತ ಕೇಳಿದರು.

"ಮೂರೂ ಜನರನ್ನ ಛೇಂಬರಿಗೆ ಕರೆಸಿ ರಾಜಿ ಮಾಡ್ಕೊಳ್ಳಿ ಅಂತ ಟೈಮ್ ಕೊಡ್ತಿದ್ದೆ."

"ಅವರು ರಾಜಿ ಆಗ್ತಿದ್ದರಾ?"

"ಖಂಡಿತಾ ಇಲ್ಲ," ಅಂದರು ಅಪ್ಪ. "ಆದರೆ ಅಷ್ಟರಲ್ಲಿ ನನಗೆ ಟ್ರಾನ್ಸ್‌ಫರ್ ಆಗಿರ್ತಿತ್ತು."

ಒಂದು ಸೆಕೆಂಡ್

ಅದರ ಮರುವರ್ಷ. ಕಿತ್ತಳೆ ಫೈನಲ್‌ನಲ್ಲಿ, ಉತ್ತರದ ಕೆಂಪು ಎದುರಿಗೆ. ಆಟ ನಡೀತಿದ್ದದ್ದು ಡಾಲಸ್ ಪಕ್ಕದ ಹೊಸ ಸ್ಟೇಡಿಯಂನಲ್ಲಿ, ಆದರೆ ನಮಗೆ ಟಿಕೆಟ್ ಸಿಗಲಿಲ್ಲ. ಕಾಪೆಲ್‌ನ ನಮ್ಮ ಮನೆಗೇ ಎಲ್ಲರೂ ಬಂದರು. ಕನ್ನಡದವರು, ತೆಲುಗಿನವರು, ಒಬ್ಬ ದೆಹಲಿಯವನು. ನಾನು ಅಡುಗೆಮನೆಯಲ್ಲಿ ಮೆಣಸಿನಕಾಯಿ ಬಜ್ಜಿ ಕರೀತಿದ್ದೆ. ಹಾಲಿನಲ್ಲಿ ಏನಾಗ್ತಿದೆ ಅಂತ ಕೂಗಿನಿಂದಲೇ ತಿಳ್ಕೋಬೇಕು.

ಕೊನೇ ಗಳಿಗೆ. ಕಿತ್ತಳೆಯವರು ಎರಡೇ ಅಂಕ ಹಿಂದೆ. ಚೆಂಡನ್ನ ಕೋಲುಗಳ ನಡುವೆ ಒದ್ದರೆ ಗೆಲುವು. ಆದರೆ ಅವರ ಹುಡುಗ ತಡ ಮಾಡಿ ಮಾಡಿ, ಗಡಿಯಾರ ನಿಲ್ಲಿಸೋಕೆ ಅಂತ ಚೆಂಡನ್ನ ಹೊರಗೆ ಎಸೆದ, ಅಷ್ಟರಲ್ಲಿ ಗಡಿಯಾರ ಸೊನ್ನೆಗೆ ಬಂದುಬಿಟ್ಟಿತ್ತು. ಆಟ ಮುಗೀತು. ಕೆಂಪಿನವರು ಕುಣಿದಾಡ್ತಾ ಮೈದಾನಕ್ಕೆ ನುಗ್ಗಿದರು. ನಮ್ಮ ಹಾಲಿನಿಂದ ಹತ್ತಾರು ಗಂಡಸರು ಒಟ್ಟಿಗೆ ಗೋಳೋ ಅಂದರು.

ಸರಿಯಾಗಿ ಆಗ ಮನೆಯ ಫೋನ್ ಹೊಡೆಯಿತು. ಹುಬ್ಬಳ್ಳಿಯಲ್ಲಿ ಭಾನುವಾರ ಬೆಳಗ್ಗೆ. ನಮ್ಮತ್ತೆ ಪೂಜೆ ಮುಗಿಸಿ ಮಗನಿಗೆ ಫೋನ್ ಮಾಡೋ ಹೊತ್ತು. ಅಮೆರಿಕಾ ನೋಡಿದವರಲ್ಲ, ಈ ಆಟದ ಸುದ್ದಿಯೇ ಗೊತ್ತಿಲ್ಲ. ಮುಂದಿನ ಮಾತುಕತೆ ಆಮೇಲೆ ಎರಡೂ ಕಡೆಯವರಿಂದ ಕೇಳಿ ನಾನು ಜೋಡಿಸಿದ್ದು.

"ಏನಪಾ, ಆರಾಮ ಅದೀರಿ?" ಅಂದರಂತೆ ಅತ್ತೆ.

ನನ್ನ ಗಂಡ ಬಿಕ್ಕಿದರು. "ಹೋತವ್ವಾ... ಎಲ್ಲಾ ಹೋತು. ಒಂದ ಸೆಕೆಂಡಿನ್ಯಾಗ, ಕಣ್ಣಮುಂದ ಹೋತು. ಏನೂ ಮಾಡಾಕ ಆಗಲಿಲ್ಲವ್ವಾ."

ಅತ್ತೆ ಫೋನನ್ನ ಕಿವಿಗೆ ಒತ್ತಿಕೊಂಡರು. ಹಿನ್ನೆಲೆಯಲ್ಲಿ ಅಷ್ಟೊಂದು ಗಂಡಸರ ಅಳು. "ಏನಾತೋ? ಯಾರಿಗೇನಾತು? ಆಕಿ ಎಲ್ಲದಾಳ? ಆಕಿ ಕೈಯಾಗ ಫೋನ್ ಕೊಡು."

ಇವರು ಆ ಕಡೆ ಈ ಕಡೆ ನೋಡಿದರು. ನಾನು ಅಡುಗೆಮನೆಯಲ್ಲಿ. "ಆಕಿ ಇಲ್ಲವ್ವಾ," ಅಂದರು.

ಅತ್ತೆ ಕೂತಲ್ಲೇ ಕುಸಿದರು. ಅಷ್ಟರಲ್ಲಿ ಟಿವಿಯಲ್ಲಿ ಅಂಪೈರ್‌ಗಳು ಗುಂಪುಗೂಡಿ, ಚೆಂಡು ಹೊರಗೆ ಬಿದ್ದಾಗ ಗಡಿಯಾರದಲ್ಲಿ ಇನ್ನೂ ಒಂದು ಸೆಕೆಂಡ್ ಇತ್ತು ಅಂತ ಸಾರಿದರು. ನನ್ನ ಗಂಡ ಫೋನ್ ಕೈಯಲ್ಲಿ ಹಿಡಿದೇ, "ತಡೀರಿ! ಇನ್ನೂ ಜೀವ ಐತಿ! ಇನ್ನೂ ಜೀವ ಐತಿ!" ಅಂತ ಕಿರುಚಿ, ಫೋನನ್ನ ಸೋಫಾ ಮೇಲೆ ಎಸೆದರು. ಲೈನ್ ಕಟ್ಟಾಯ್ತು.

ಆ ಒಂದು ಸೆಕೆಂಡಿನಲ್ಲಿ ಕಿತ್ತಳೆ ಹುಡುಗ ಒದ್ದ. ಚೆಂಡು ಕೋಲುಗಳ ನಡುವೆ ಹೋಯ್ತು. ಕಿತ್ತಳೆ ಚಾಂಪಿಯನ್! ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ. ನಾನೂ ಜಾಲರಿ ಸೌಟು ಹಿಡಿದು ಓಡಿಬಂದು ಕುಣಿದೆ.

ಹುಬ್ಬಳ್ಳಿಯಲ್ಲಿ ಅತ್ತೆ ಗುಂಡಿಗೆ ಗಟ್ಟಿ ಮಾಡಿಕೊಂಡು ಮತ್ತೆ ಫೋನ್ ಹಚ್ಚಿದರು. ಈ ಸಲ ಎತ್ತಿದ್ದು ದೆಹಲಿಯವನು. ಅವನಿಗೆ ಅತ್ತ ಯಾರು ಅಂತಲೂ ಗೊತ್ತಿಲ್ಲ. "ಹೋ ಗಯಾ ಜೀ! ಸಬ್ ಖತಂ ಹೋ ಗಯಾ!" ಅಂತ ಕೂಗಿ ಇಟ್ಟುಬಿಟ್ಟ.

ಅಷ್ಟು ಹಿಂದಿ ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಬರುತ್ತೆ.

ನಾವು ಇಲ್ಲಿ ಬಜ್ಜಿ ತಿನ್ನುತ್ತಿದ್ದಾಗ ಅಲ್ಲಿ ಓಣಿಗೆ ಓಣಿಯೇ ನಮ್ಮತ್ತೆಯ ಮನೆಯಲ್ಲಿ ಸೇರಿತ್ತು. ಒಲೆ ಆರಿಸಿದರು. ದೊಡ್ಡಮಾವ ತಣ್ಣೀರು ಸುರಿದುಕೊಂಡು ಒದ್ದೆ ಧೋತ್ರದಲ್ಲಿ ಬಂದು ನಿಂತರು. "ಭಾಳ ಚಲೋ ಹುಡುಗಿ ಇದ್ಲು," ಅಂತ ಪಕ್ಕದ ಮನೆಯವರು ಅತ್ತರಂತೆ, ನನ್ನ ಸಾರಿಗೆ ಉಪ್ಪು ಸಾಲದು ಅಂತ ಹೋದ ವರ್ಷ ಹೇಳಿದ್ದವರು. ಅತ್ತೆ ತಡೆತಡೆದು ಮೈಸೂರಿಗೆ, ನನ್ನ ತವರಿಗೆ ಫೋನ್ ಮಾಡಿದರು.

ಅಮ್ಮ ಕೇಳಿದ ತಕ್ಷಣ ಗೋಡೆಗೆ ಒರಗಿದರು. ಅಪ್ಪ ಫೋನ್ ತಗೊಂಡು, "ಬೀಗಿತ್ತಿಯವರೇ, ಕಣ್ಣಾರೆ ನೋಡಿದವರು ಯಾರು?" ಅಂತ ಕೇಳಿದರು. ನೋಡಿದವರು ಯಾರೂ ಇಲ್ಲ ಅಂತ ತಿಳಿದು ನೇರವಾಗಿ ನನ್ನ ಸೆಲ್‌ಗೇ ಫೋನ್ ಮಾಡಿದರು.

ನಾನು ಬಾಯಿ ತುಂಬಾ ಬಜ್ಜಿ ಇಟ್ಟುಕೊಂಡು, "ಹಲೋ ಅಪ್ಪಾ!" ಅಂದೆ.

ಅಪ್ಪ ಬಹಳ ಮೆಲ್ಲಗೆ ಕೇಳಿದರು, "ಯಾರು ಮಾತಾಡ್ತಿರೋದು?"

"ನಾನಪ್ಪಾ."

"ನಾನು ಅಂದ್ರೆ? ಪೂರ್ತಿ ಹೆಸರು ಹೇಳು. ತಂದೆ ಹೆಸರು?"

"ಅಪ್ಪಾ, ತಂದೆ ನೀವೇ! ಏನಾಯ್ತು ನಿಮಗೆ?"

ಅಪ್ಪ ಅತ್ತುಬಿಟ್ಟರು. ನನ್ನ ಜೀವಮಾನದಲ್ಲಿ ಅವರು ಅತ್ತದ್ದು ಕೇಳಿದ್ದು ಅದೊಂದೇ ಸಲ. ಅಮ್ಮ ಫೋನ್ ಕಿತ್ತುಕೊಂಡು, ನಾನು ಮಾತಾಡ್ತಾನೇ ಇರಬೇಕು, ನಿಲ್ಲಿಸಬಾರದು ಅಂತ ಹಟ ಹಿಡಿದರು. ಏನಾಗಿದೆ ಅಂತ ತಿಳಿದಾಗ ನನಗೆ ನಿಂತ ನೆಲ ಬಾಯಿಬಿಟ್ಟ ಹಾಗಾಯ್ತು. ಟಿವಿ ಆರಿಸಿದೆ. ಗಂಡನ ಕೈಗೆ ಫೋನ್ ಕೊಟ್ಟು, "ಮೊದಲು ಹುಬ್ಬಳ್ಳಿಗೆ ಮಾಡಿ ನಾನು ಬದುಕಿದ್ದೀನಿ ಅಂತ ಹೇಳಿ," ಅಂದೆ. ಅವರು ಮಾಡಿದರು. ಅವರಮ್ಮ ಬೈದ ಬೈಗುಳ ಹಾಲಿನಲ್ಲಿದ್ದ ಎಲ್ಲರಿಗೂ ಕೇಳಿಸಿತು. ತೆಲುಗಿನವರಿಗೂ ಅರ್ಥ ಆಯ್ತು. ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಆಮೇಲೆ ಅತ್ತೆ ನನ್ನನ್ನ ಕರೆದರು. "ತಂಗೀ, ನೀ ಇದ್ದೀಯಲ್ಲ, ಅಷ್ಟ ಸಾಕು. ಆದರ ಒಂದ ಮಾತು. ಆಂವ ಅತ್ತದ್ದು ಕೇಳಿ, ಹೆಂಡತಿ ಮ್ಯಾಲ ಎಷ್ಟ್ ಜೀವ ಇಟ್ಟಾನ ನನ್ನ ಮಗ ಅಂತ ಆ ದುಃಖದಾಗೂ ನನಗ ಹೆಮ್ಮಿ ಆಗಿತ್ತವಾ."

ಫೋನ್ ಇಟ್ಟೆ. ಮನೆ ಖಾಲಿ. ಗಂಡ ತಪ್ಪಿತಸ್ಥನ ಥರ ಸೋಫಾದ ತುದಿಯಲ್ಲಿ ಕೂತು ಚೆಲ್ಲಿದ ಬಜ್ಜಿ ಹೆಕ್ಕುತ್ತಿದ್ದರು. ನನಗೂ ಸಿಟ್ಟು ಇಳಿದು ಒಂಥರಾ ದುಃಖ ಬಂತು. ಪಕ್ಕದಲ್ಲಿ ಕೂತೆ.

"ಒಂದು ಕೇಳ್ತೀನಿ, ನಿಜ ಹೇಳ್ಬೇಕು. ನಾನು ನಿಜವಾಗ್ಲೂ ಹೋದರೆ ಇಷ್ಟೇ ಅಳ್ತೀರಾ?"

ಅವರು ಬಜ್ಜಿ ಕೆಳಗಿಟ್ಟರು. ನನ್ನ ಮುಖ ನೋಡಿದರು. ಬಹಳ ಹೊತ್ತು ಯೋಚನೆ ಮಾಡಿದರು.

"ಯಾವ ತಿಂಗಳದಾಗ?" ಅಂದರು.